ಹೋಮಿ ಭಾಭಾ ಮತ್ತು ಕಣದ ಹಣೆಬರಹ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ದಾರಿಯಲ್ಲಿ ಚಾಂಪಿಯನ್ ಅಂತ ಒಂದು ಸ್ಟೇಷನ್ ಸಿಗುತ್ತದೆ. ಅಲ್ಲಿಯ ಗಣಿಯೊಳಗೆ ಚಿನ್ನ ಬಿಟ್ಟು ಇನ್ನೊಂದನ್ನೂ ಹುಡುಕಿದರು. ಆ ಕೆಲಸ ಶುರು ಮಾಡಿಸಿದವರು ಡಾ. ಹೋಮಿ ಜಹಾಂಗೀರ್ ಭಾಭಾ.

ಇವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿದರು. ಇಂಜಿನಿಯರ್ ಆಗಿ ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಅಂತ ಮನೆಯವರು ಕೇಂಬ್ರಿಜ್‌ಗೆ ಕಳಿಸಿದರು. ಹುಡುಗನಿಗೋ ಭೌತಶಾಸ್ತ್ರದ ಹುಚ್ಚು! ಮೊದಲು ಇಂಜಿನಿಯರಿಂಗನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿ, ಆಮೇಲೆ ತಮಗೆ ಬೇಕಾದ್ದನ್ನು ಓದಿದರು.

ಆಕಾಶದಿಂದ ಹಗಲೂ ರಾತ್ರಿ ವಿಶ್ವಕಿರಣಗಳು ಬೀಳುತ್ತಿರುತ್ತವೆ. ಒಂದು ಕಣ ಗಾಳಿಗೆ ಬಡಿದು ಹಲವಾಗಿ, ಅವು ಮತ್ತೆ ಹಲವಾಗಿ, ಕಣಗಳ ಮಳೆಯೇ ಆಗುತ್ತದೆ. ಇದರ ಲೆಕ್ಕವನ್ನು ಭಾಭಾ 1937ರಲ್ಲಿ ಹೈಟ್ಲರ್ ಎಂಬ ವಿಜ್ಞಾನಿಯ ಜೊತೆ ಮಾಡಿದರು. ಆದರೆ ಒಂದು ಮಳೆಯ ಹಾಗೆ ಇನ್ನೊಂದಿರುವುದಿಲ್ಲ. ಸರಾಸರಿಯಿಂದ ಅವು ಎಷ್ಟು ಹೆಚ್ಚುಕಮ್ಮಿ ಆಗುತ್ತವೆ ಅಂತ 1950ರಲ್ಲಿ ಅಲ್ಲಾಡಿ ರಾಮಕೃಷ್ಣನ್ ಜೊತೆ ಬರೆದರು.

ಈ ಮಳೆಗಳಲ್ಲಿ ಮ್ಯೂಯಾನ್ ಎಂಬ ಕಣವೂ ಹುಟ್ಟುತ್ತದೆ. ಸೆಕೆಂಡನ್ನು 10 ಲಕ್ಷ ಚೂರು ಮಾಡಿದರೆ, ಅಂಥ ಒಂದೂವರೆ ಚೂರು ಕಳೆಯುವಷ್ಟರಲ್ಲಿ ನಿಂತಿರುವ ಮ್ಯೂಯಾನ್‌ಗಳಲ್ಲಿ ಅರ್ಧದಷ್ಟು ಸಾಯುತ್ತವೆ. ಯಾವ ಅರ್ಧ? ಹೇಳೋಕಾಗಲ್ಲ. ಉಳಿದದ್ದಕ್ಕೆ ವಯಸ್ಸೂ ಆಗಿರಲ್ಲ, ಈಗ ತಾನೇ ಹುಟ್ಟಿದ ಹಾಗೇ ಇರುತ್ತದೆ.

ಗಣಿಯಲ್ಲಿ ರಾಕ್ ಬರ್ಸ್ಟ್ ಆಗುವುದೂ ಮೊದಲೇ ಗೊತ್ತಾಗುತ್ತಿರಲಿಲ್ಲ. ಆದರೆ ಅದಕ್ಕೆ ಕಾರಣ ಬಂಡೆಯೊಳಗಿನ ಒತ್ತಡ. ಅದು ಇದ್ದೇ ಇತ್ತು, ನಮಗೆ ಕಾಣುತ್ತಿರಲಿಲ್ಲ ಅಷ್ಟೆ. ಮ್ಯೂಯಾನ್‌ಗೂ ಹೀಗೆ ಬಚ್ಚಿಟ್ಟ ಹಣೆಬರಹ ಇದೆಯಾ? ಹೆಚ್ಚಿನ ವಿಜ್ಞಾನಿಗಳು ಇಲ್ಲ ಅಂದರು. ಐನ್‌ಸ್ಟೈನ್ ಒಪ್ಪಲಿಲ್ಲ. ಪರೀಕ್ಷೆಯ ದಾರಿಯನ್ನು 1964ರಲ್ಲಿ ಜಾನ್ ಬೆಲ್ ತೋರಿಸಿದರು. ಬೆಳಕಿನ ಕಣಗಳ ಮೇಲೆ ಪರೀಕ್ಷೆ ನಡೆದು, ಒಂದೊಂದು ಕಣವೂ ತನ್ನ ಜೇಬಿನಲ್ಲೇ ಚೀಟಿ ಇಟ್ಟುಕೊಂಡು ಬರುತ್ತದೆ ಎಂಬ ಸುಲಭದ ಉತ್ತರ ಬಿದ್ದುಹೋಯಿತು. ಬೇರೆ ಥರದ ಹಣೆಬರಹ ಇರಬಹುದು ಅನ್ನುವವರು ಈಗಲೂ ಕೆಲವರಿದ್ದಾರೆ.

ಭಾಭಾ 1939ರಲ್ಲಿ ರಜೆಗೆಂದು ಊರಿಗೆ ಬಂದಾಗ ಯುದ್ಧ ಶುರುವಾಯಿತು. ವಾಪಸ್ಸು ಹೋಗದೆ ಬೆಂಗಳೂರಿನ ವಿಜ್ಞಾನ ಸಂಸ್ಥೆ ಸೇರಿದರು. ಆಗ ಸರ್ ಸಿ.ವಿ. ರಾಮನ್ ಕೂಡ ಅಲ್ಲೇ ಇದ್ದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದರು. 1951ರಲ್ಲಿ ನಮ್ಮ ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್ ಅವರನ್ನು ಕೆ.ಜಿ.ಎಫ್. ಗಣಿಗೆ ಕಳಿಸಿದರು. ಎಷ್ಟು ಆಳದವರೆಗೆ ಎಷ್ಟು ಮ್ಯೂಯಾನ್ ಇಳಿಯುತ್ತವೆ ಅಂತ ಎಣಿಸುವುದೇ ಕೆಲಸ. ಆಳಕ್ಕೆ ಹೋದಷ್ಟೂ ಅವು ಕಮ್ಮಿಯಾದವು. ಹಾಗಾಗಿ 1965ರಲ್ಲಿ ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ, ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಗುರುತು ಸಿಕ್ಕಿತು.

ಮರುವರ್ಷ ಜನವರಿ 24ರಂದು ಭಾಭಾ ಇದ್ದ ವಿಮಾನ ಆಲ್ಪ್ಸ್ ಪರ್ವತಕ್ಕೆ ಬಡಿಯಿತು. ಅವರಿಗೆ ಆಗ ಬರೀ 56 ವರ್ಷ.

ಅವರ ಸಂಸ್ಥೆಯವರು 1980ರಲ್ಲಿ ಅಷ್ಟೇ ಆಳದಲ್ಲಿ 140 ಟನ್ ಕಬ್ಬಿಣ ಜೋಡಿಸಿ, ಒಂದು ಪ್ರೋಟಾನ್ ಆದರೂ ಸಾಯುತ್ತದಾ ಅಂತ ಕಾದರು. ಯಾವುದು, ಯಾವಾಗ ಅಂತ ಹೇಳೋಕಾಗಲ್ಲವಲ್ಲ, ಅದಕ್ಕೇ ಅಷ್ಟೊಂದು ಕಬ್ಬಿಣ. ಪ್ರೋಟಾನ್ ಸತ್ತದ್ದು ಇದುವರೆಗೆ ಜಗತ್ತಿನಲ್ಲಿ ಎಲ್ಲೂ ಸಾಬೀತಾಗಿಲ್ಲ. ಗಣಿ 2001ರಲ್ಲಿ ಮುಚ್ಚಿತು.