ಏಕಾಂತದ ಬಲ: ಸಂತ ಜೋಸೆಫ್ ವಾಜ್ ಅವರ ಪ್ರಾರ್ಥನಾ ಜೀವನ

ಒಂದು ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿದಾಗ ಎಣಿಸಿ ಹೇಳಲು ಅನೇಕ ಸಂಗತಿಗಳು ದೊರೆಯುತ್ತವೆ. ಕಟ್ಟಿದ ದೇವಾಲಯ, ತೆರೆದ ಶಾಲೆ, ಸೇವೆ ಸಲ್ಲಿಸಿದ ಗುರುಗಳು, ಜ್ಞಾನಸ್ನಾನ ವಿವಾಹಗಳ ದಾಖಲೆಗಳು ಇವೆಲ್ಲವೂ ಹೆಮ್ಮೆಯ ವಿಷಯಗಳೇ ಸರಿ. ಆದರೆ ಯಾವ ದಾಖಲೆಯಲ್ಲಿಯೂ ಸೇರದ ಇನ್ನೊಂದು ಸಂಪತ್ತು ಇದೆ. ಅದು ವಿಶ್ವಾಸಿಗಳು ಒಬ್ಬೊಬ್ಬರಾಗಿ, ಯಾರ ಕಣ್ಣಿಗೂ ಬೀಳದೆ, ದೇವರ ಸನ್ನಿಧಿಯಲ್ಲಿ ಮೌನವಾಗಿ ಕಳೆದ ಹೊತ್ತು. ಈ ಗುಪ್ತ ಸಂಪತ್ತು ಕರಗಿದರೆ ಕಟ್ಟಡಗಳು ಉಳಿಯಬಹುದು, ಸಭೆಯ ಜೀವ ಉಳಿಯಲಾರದು. ಈ ಸತ್ಯವನ್ನು ತಮ್ಮ ಬದುಕಿನಿಂದಲೇ ತೋರಿಸಿಕೊಟ್ಟ ಮಹಾಪುರುಷರೊಬ್ಬರು ನಮ್ಮ ಕನ್ನಡ ಕರಾವಳಿಯಲ್ಲಿಯೂ ಬರಿಗಾಲಿನಲ್ಲಿ ನಡೆದಾಡಿದ್ದಾರೆ. ಅವರೇ ಸಂತ ಜೋಸೆಫ್ ವಾಜ್. ಗೋವೆಯಿಂದಲೂ ಮಂಗಳೂರಿನಿಂದಲೂ ಬಂದು ಹುಬ್ಬಳ್ಳಿ-ಧಾರವಾಡಗಳಲ್ಲಿ ನೆಲೆಸಿದ ಕುಟುಂಬಗಳಿಗಂತೂ ಅವರು ಮನೆಯ ಹಿರಿಯರಿದ್ದಂತೆ.

ಜೋಸೆಫ್ ವಾಜ್ ಅವರು 1651ರ ಏಪ್ರಿಲ್ 21ರಂದು ಗೋವೆಯ ಸಾಲಸೆಟ್ ಪ್ರಾಂತದ ಬಾಣಾವಳಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಸಾಂಕ್ವಾಳದ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯ ದ ಮಿರಾಂದ. ಬಾಲ್ಯದಲ್ಲಿಯೇ ದೇವಾಲಯದ ಮೌನವು ಅವರಿಗೆ ಆಟದ ಬಯಲಿಗಿಂತ ಹೆಚ್ಚು ಪ್ರಿಯವಾಗಿತ್ತೆಂದು ಅವರ ಜೀವನ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಗೋವೆಯಲ್ಲಿ ಯೇಸುಸಭೆಯವರ ಸಂತ ಪೌಲರ ವಿದ್ಯಾಲಯದಲ್ಲಿಯೂ ದೊಮಿನಿಕ್ ಸಭೆಯವರ ಸಂತ ತೋಮಸ್ ಅಕ್ವಿನರ ವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿ, 1676ರಲ್ಲಿ ಗುರುದೀಕ್ಷೆಯನ್ನು ಪಡೆದರು. ಅಂದಿನಿಂದ ಬಡವರಂತೆ ಪಾದರಕ್ಷೆಗಳಿಲ್ಲದೆ ನಡೆಯತೊಡಗಿದರು. ಮರುವರ್ಷ, 1677ರ ಆಗಸ್ಟ್ 5ರಂದು, ತಾವು ಮಾತೆ ಮರಿಯಳ ದಾಸರೆಂದು ಪತ್ರ ಬರೆದು ಸಹಿ ಹಾಕಿ, ತಮ್ಮನ್ನು ಸಂಪೂರ್ಣವಾಗಿ ಆಕೆಗೆ ಒಪ್ಪಿಸಿಕೊಂಡರು. ಮುಂದೆ ಅವರು ಕೈಗೊಂಡ ಪ್ರತಿಯೊಂದು ಕಾರ್ಯಕ್ಕೂ ಪ್ರಾರ್ಥನೆಯಲ್ಲಿ ಮಾಡಿಕೊಂಡ ಈ ಗುಪ್ತ ಒಪ್ಪಂದವೇ ಬುನಾದಿಯಾಯಿತು.

1681ರಲ್ಲಿ ಅವರನ್ನು ಕನ್ನಡ ನಾಡಿನ ಕರಾವಳಿಗೆ ಕಳುಹಿಸಲಾಯಿತು. ಆಗ ಈ ಪ್ರದೇಶವು ಕೆಳದಿಯ ಅರಸರ ಅಧೀನದಲ್ಲಿದ್ದು, ರಾಣಿ ಚೆನ್ನಮ್ಮಾಜಿಯವರು ಆಳುತ್ತಿದ್ದರು. ಗೋವೆಯಿಂದ ದಕ್ಷಿಣಕ್ಕೆ ನೆಲದ ಮೇಲೆ ಹೋಗುವವರು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳನ್ನು ಒಂದಾದ ಮೇಲೊಂದರಂತೆ ದಾಟಬೇಕು. ಆದರೆ ವಾಜ್ ಅವರಿಗೆ ಎದುರಾದ ನಿಜವಾದ ತೊಡಕು ನದಿಗಳದ್ದಲ್ಲ, ಮನುಷ್ಯರದ್ದು. ಪೋರ್ಚುಗಲ್ ಅರಸರ ಧಾರ್ಮಿಕ ಹಕ್ಕಿಗೂ ರೋಮಿನ ಧರ್ಮಪ್ರಚಾರ ಮಂಡಳಿಯ ಅಧಿಕಾರಕ್ಕೂ ನಡುವೆ ವಿವಾದವೆದ್ದು, ಗೋವೆಯ ಮಹಾಧರ್ಮಾಧ್ಯಕ್ಷರನ್ನು ಒಪ್ಪುವವರು ಮತ್ತು ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಅವರನ್ನು ಒಪ್ಪುವವರು ಎಂದು ಕ್ರೈಸ್ತರು ಎರಡು ಪಂಗಡಗಳಾಗಿದ್ದರು. ಯಾವ ಗುರುವಿನ ಬಳಿ ಪಾಪನಿವೇದನೆ ಮಾಡಬೇಕೆಂಬುದೇ ಸಾಮಾನ್ಯ ವಿಶ್ವಾಸಿಗೆ ತಿಳಿಯದಂತಾಗಿತ್ತು. ವಾಜ್ ಅವರು ವಾದಕ್ಕೆ ವಾದ ಬೆಳೆಸದೆ, ಶಾಂತಿಗಾಗಿ ತಾಳ್ಮೆಯಿಂದ ಶ್ರಮಿಸಿದರು. ಮಂಗಳೂರು, ಬಸ್ರೂರು, ಬಾರ್ಕೂರು, ಕಲ್ಯಾಣಪುರ, ಗಂಗೊಳ್ಳಿ, ಹೊನ್ನಾವರ ಮೊದಲಾದ ಕಡೆಗಳಲ್ಲಿ ಚದುರಿದವರನ್ನು ಒಗ್ಗೂಡಿಸಿದರು, ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಪಾಠಶಾಲೆಗಳನ್ನು ತೆರೆದರು.

ಮಂಗಳೂರಿನ ಸಮೀಪದ ಮುಡಿಪು ಎಂಬಲ್ಲಿ ಅವರನ್ನು ಕುರಿತು ಒಂದು ಪ್ರತೀತಿ ಇಂದಿಗೂ ಜೀವಂತವಾಗಿದೆ. ರೋಗಿಯೊಬ್ಬರಿಗೆ ಸಂಸ್ಕಾರ ಕೊಡಬೇಕೆಂಬ ನೆವದಿಂದ ದುರುಳರು ಅವರನ್ನು ರಾತ್ರಿಯ ವೇಳೆ ಗುಡ್ಡಕ್ಕೆ ಕರೆದೊಯ್ದರಂತೆ. ಕೊಲ್ಲುವ ಉದ್ದೇಶವನ್ನು ಅರಿತ ಗುರುಗಳು ಓಡಲಿಲ್ಲ, ಕೂಗಲಿಲ್ಲ. ಕೈಯಲ್ಲಿದ್ದ ಊರುಗೋಲನ್ನು ಬಂಡೆಗೆ ಊರಿ, ಮೊಣಕಾಲೂರಿ ಪ್ರಾರ್ಥಿಸಿದರಂತೆ. ಮೊಣಕಾಲುಗಳೂ ಕೋಲೂ ತಾಗಿದ ಮೂರು ಎಡೆಗಳಲ್ಲಿ ನೀರು ಚಿಮ್ಮಿತೆಂದು ಜನ ನಂಬುತ್ತಾರೆ. ಈ ಕಥೆಯನ್ನು ಪೀಳಿಗೆಯಿಂದ ಪೀಳಿಗೆಗೆ ಹೇಳುತ್ತ ಬಂದ ನಮ್ಮ ಹಿರಿಯರು, ಆ ಗುರುವಿನ ಮೊದಲ ಆಸರೆ ಯಾವುದೆಂಬುದನ್ನು ಚೆನ್ನಾಗಿ ಗುರುತಿಸಿದ್ದರೆಂಬುದು ಮಾತ್ರ ನಿಶ್ಚಯ.

1684ರಲ್ಲಿ ಅವರು ಗೋವೆಗೆ ಮರಳಿದರು. ಅಲ್ಲಿ ಕೆಲವು ದೇಶೀಯ ಗುರುಗಳು ಅದ್ಭುತಗಳ ಪವಿತ್ರ ಶಿಲುಬೆಯ ದೇವಾಲಯದಲ್ಲಿ ಕೂಡಿ ಬಾಳಲು ಆರಂಭಿಸಿದ್ದರು. 1685ರ ಸೆಪ್ಟೆಂಬರ್ 25ರಂದು ವಾಜ್ ಅವರು ಅವರೊಡನೆ ಸೇರಿದರು; ಬೇಗನೆ ಅವರೇ ಮುಖ್ಯಸ್ಥರಾದರು. ರೋಮಿನಲ್ಲಿ ಸಂತ ಫಿಲಿಪ್ ನೇರಿ ಸ್ಥಾಪಿಸಿದ ಒರೆಟರಿಯ ನಿಯಮವನ್ನು ಈ ಸಮುದಾಯಕ್ಕೆ ಅಳವಡಿಸಿದರು. ಒರೆಟರಿ ಎಂದರೆ ಪ್ರಾರ್ಥನಾಲಯವೆಂದೇ ಅರ್ಥ. ದೇವರ ವಾಕ್ಯವನ್ನು ಕೇಳುವುದು, ಅದನ್ನು ಮೌನದಲ್ಲಿ ಮನನ ಮಾಡುವುದು, ಅನಂತರ ಜನರ ಬಳಿಗೆ ಹೊರಡುವುದು ಇದೇ ಅದರ ಕ್ರಮ. ಮನನವಿಲ್ಲದೆ ಹೊರಟವನು ಬರಿಗೈಯಲ್ಲಿ ಹೊರಟವನೆಂಬುದನ್ನು ವಾಜ್ ಅವರು ಕರಾವಳಿಯ ಕಲಹದ ನಡುವೆ ಕಂಡುಕೊಂಡಿದ್ದರು.

ಅವರ ಮನಸ್ಸು ಸಿಂಹಳದ ಕಡೆಗೆ ತುಡಿಯುತ್ತಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನವನ್ನೂ ಗೆದ್ದುಕೊಂಡು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಅಲ್ಲಿಯ ವಿಶ್ವಾಸಿಗಳು ಬಲಿಪೂಜೆಯಿಲ್ಲದೆ, ಸಂಸ್ಕಾರಗಳಿಲ್ಲದೆ ಮೂವತ್ತು ವರ್ಷಗಳ ಹತ್ತಿರ ಕಳೆದಿದ್ದರು. 1687ರಲ್ಲಿ ವಾಜ್ ಅವರು ಕೂಲಿಯವರ ವೇಷದಲ್ಲಿ ಸಮುದ್ರ ದಾಟಿ, ರೋಗದಿಂದ ಬಳಲುತ್ತ ಜಾಫ್ನವನ್ನು ತಲುಪಿದರು. ಕೊರಳಿಗೆ ಜಪಸರ ಧರಿಸಿ, ಮನೆಯಿಂದ ಮನೆಗೆ ಭಿಕ್ಷೆ ಬೇಡುತ್ತ, ಅದನ್ನು ಕಂಡು ಕಣ್ಣರಳಿಸಿದವರಲ್ಲಿ ತಮ್ಮವರನ್ನು ಗುರುತಿಸಿದರು. ಹಗಲು ಅಡಗಿ, ರಾತ್ರಿ ಬಲಿಪೂಜೆ ಅರ್ಪಿಸುತ್ತ ಸಾಗಿದರು.

1692ರಲ್ಲಿ ಅವರು ಡಚ್ಚರ ಅಧಿಕಾರಕ್ಕೆ ಒಳಪಡದ ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದರು. ಪೋರ್ಚುಗೀಸರ ಗೂಢಚಾರನೆಂಬ ದೂರಿನ ಮೇಲೆ ಅರಸನಾದ ಎರಡನೆಯ ವಿಮಲಧರ್ಮಸೂರ್ಯನು ಅವರನ್ನು ಸೆರೆಯಲ್ಲಿಟ್ಟನು. ಇಲ್ಲಿಯೇ ಅವರ ಜೀವನದ ಅತಿ ಕಠಿಣ ಪರೀಕ್ಷೆ ಎದುರಾಯಿತು. ಸಿಂಹಳ ದ್ವೀಪದ ಕಥೋಲಿಕರಿಗೆಲ್ಲ ಅವರೊಬ್ಬರೇ ಗುರು. ಆ ಒಬ್ಬರೂ ಕಾವಲಿನೊಳಗೆ. ಹೊರಗೆ ಮಂದೆ ಹಸಿದಿದೆ, ಒಳಗೆ ಕುರುಬನ ಕೈಕಾಲು ಕಟ್ಟಿದೆ. ಇಂತಹ ಸ್ಥಿತಿಯಲ್ಲಿ ಮನುಷ್ಯನು ಒಂದೋ ಹತಾಶನಾಗಬೇಕು, ಇಲ್ಲವೇ ಸೆರೆಮನೆಯನ್ನು ಪ್ರಾರ್ಥನಾಲಯವಾಗಿ ಮಾರ್ಪಡಿಸಬೇಕು. ವಾಜ್ ಅವರು ಎರಡನೆಯದನ್ನು ಆರಿಸಿಕೊಂಡರು. ಪ್ರಾರ್ಥನೆಗೂ ಸಿಂಹಳ ಭಾಷೆಯ ಕಲಿಕೆಗೂ ಆ ದಿನಗಳನ್ನು ಮೀಸಲಿಟ್ಟರು. ಕಾವಲು ಸಡಿಲವಾದಂತೆ ಚಿಕ್ಕದೊಂದು ಗುಡಿಸಲನ್ನು ಕಟ್ಟಿ ಅದರಲ್ಲಿ ಪೂಜಾಪೀಠವನ್ನು ಅಣಿಗೊಳಿಸಿದರು. ಸುತ್ತಲಿನ ವಿಶ್ವಾಸಿಗಳು ಒಬ್ಬೊಬ್ಬರಾಗಿ ಅಲ್ಲಿಗೆ ಬರತೊಡಗಿದರು. ಕೆಲವು ವರ್ಷಗಳ ನಂತರ ಅನಾವೃಷ್ಟಿಯಿಂದ ನಾಡು ತತ್ತರಿಸಿದಾಗ ಅವರು ಪ್ರಾರ್ಥಿಸಲು ಮಳೆ ಸುರಿಯಿತೆಂದೂ, ಅರಸನು ಅವರಿಗೆ ಸ್ವಾತಂತ್ರ್ಯವನ್ನು ನೀಡಿದನೆಂದೂ ಪರಂಪರೆಯು ಹೇಳುತ್ತದೆ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ, ಬಂಧುಗಳೇ ತೊರೆದು ಹೋದ ರೋಗಿಗಳನ್ನು ಜಾತಿ ಮತ ನೋಡದೆ ಅವರು ಉಪಚರಿಸಿದರು; ಸತ್ತವರನ್ನು ಮಣ್ಣು ಮಾಡಿದರು. ಪ್ರಾರ್ಥನೆಯು ಲೋಕದ ಕಷ್ಟದಿಂದ ತಪ್ಪಿಸಿಕೊಳ್ಳುವ ಉಪಾಯವೆಂದು ಭಾವಿಸುವವರಿಗೆ ಈ ಘಟನೆಯೇ ಉತ್ತರ. ಏಕಾಂತದಲ್ಲಿ ದೇವರನ್ನು ಕಂಡವರು ರೋಗಿಯ ಹಾಸಿಗೆಯ ಬಳಿ ಅದೇ ದೇವರನ್ನು ಗುರುತಿಸಿದರು. 1705ರಲ್ಲಿ ಗೋವೆಯ ಒರೆಟರಿಯಿಂದ ಬಂದ ಜಾಕೊಮೆ ಗೊನ್ಸಾಲ್ವಿಸ್ ಗುರುಗಳು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಧಾರ್ಮಿಕ ಗ್ರಂಥಗಳನ್ನು ರಚಿಸಿ, ಪವಿತ್ರ ಗ್ರಂಥದ ವೃತ್ತಾಂತಗಳು ಜನರ ನುಡಿಯಲ್ಲಿಯೇ ಅವರ ಮನಸ್ಸನ್ನು ಮುಟ್ಟುವಂತೆ ಮಾಡಿದರು. ಗುರುಗಳು ಅಪರೂಪಕ್ಕೆ ಬಂದುಹೋಗುತ್ತಿದ್ದ ಹಳ್ಳಿಗಳಲ್ಲಿ ಇಂತಹ ಗ್ರಂಥಗಳೇ ಧ್ಯಾನಕ್ಕೆ ಆಹಾರವಾದವು.

ದೇಹ ಸವೆದಿತ್ತು. ಆದರೂ ಒರೆಟರಿಯ ನಿಯಮದಂತೆ ಎಂಟು ದಿನಗಳ ಧ್ಯಾನ ಸಾಧನೆಯನ್ನು ಅವರು ಆರಂಭಿಸಿದರು. ಅದು ಮುಗಿಯುವ ಮುನ್ನವೇ ಅವರನ್ನು ಹಾಸಿಗೆಗೆ ಸಾಗಿಸಬೇಕಾಯಿತು. 1711ರ ಜನವರಿ 16ರಂದು, ತಮ್ಮ 59ನೆಯ ವಯಸ್ಸಿನಲ್ಲಿ, ಕ್ಯಾಂಡಿಯಲ್ಲಿ ಅವರು ದೈವಾಧೀನರಾದರು. ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಧನ್ಯರೆಂದೂ, ಜಗದ್ಗುರು ಫ್ರಾನ್ಸಿಸ್ ಅವರು 2015ರ ಜನವರಿ 14ರಂದು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು.

ಪ್ರಿಯ ವಿಶ್ವಾಸಿಗಳೇ, ಈ ಜೀವನ ನಮಗೆ ಏನನ್ನು ಕಲಿಸುತ್ತದೆ? ಪ್ರಾರ್ಥಿಸಲು ವೇಳೆಯಿಲ್ಲವೆಂಬುದು ನಮ್ಮೆಲ್ಲರ ಮಾತು. ರೈಲ್ವೆಯ ರಾತ್ರಿ ಪಾಳಿ ಮುಗಿಸಿ ಬರುವವರಿಗೆ, ಬೆಳಗಿನ ಜಾವವೇ ಒಲೆ ಹೊತ್ತಿಸುವ ತಾಯಂದಿರಿಗೆ, ಪರೀಕ್ಷೆಯ ಒತ್ತಡದಲ್ಲಿರುವ ವಿದ್ಯಾರ್ಥಿಗಳಿಗೆ ಬಿಡುವು ಕಡಿಮೆ ಎಂಬುದು ಸುಳ್ಳಲ್ಲ. ಎರಡು ಕೋಣೆಗಳ ಮನೆಯಲ್ಲಿ ಐದಾರು ಮಂದಿ ಬಾಳುವಾಗ ಏಕಾಂತದ ಮಾತು ಅಣಕದಂತೆಯೂ ಕೇಳಿಸಬಹುದು. ಆದರೆ ಸಂತ ಜೋಸೆಫ್ ವಾಜ್ ಅವರಿಗೂ ಪ್ರತ್ಯೇಕ ಕೋಣೆಯಿರಲಿಲ್ಲ, ನಿಶ್ಚಿಂತೆಯ ದಿನಗಳಿರಲಿಲ್ಲ. ಕಾಡಿನ ದಾರಿ, ಪರರ ಮನೆಯ ಜಗಲಿ, ಸೆರೆಮನೆಯ ನೆಲ ಇವೇ ಅವರ ಪ್ರಾರ್ಥನಾಲಯಗಳು. ಪ್ರಭು ಯೇಸುವೇ ಜನಜಂಗುಳಿಯ ನಡುವಿನಿಂದ ಎದ್ದು, ನಸುಕಿನಲ್ಲಿ ನಿರ್ಜನ ಸ್ಥಳಕ್ಕೆ ತೆರಳಿ ತಂದೆಯೊಡನೆ ಮಾತನಾಡುತ್ತಿದ್ದರೆಂದು ಶುಭಸಂದೇಶವು ತಿಳಿಸುತ್ತದೆ. ಬಿಡುವು ತಾನಾಗಿ ದೊರೆಯುವುದಿಲ್ಲ, ನಾವೇ ಅದನ್ನು ಕೂಡಿಸಿಕೊಳ್ಳಬೇಕು.

ದಿನಕ್ಕೆ ಕಾಲು ಗಂಟೆ ಸಾಕು. ಬರುವ ಭಾನುವಾರದ ಶುಭಸಂದೇಶದ ಭಾಗವನ್ನು ನಮ್ಮ ಕನ್ನಡದಲ್ಲಿಯೇ ನಿಧಾನವಾಗಿ ಎರಡು ಬಾರಿ ಓದೋಣ. ಆ ಘಟನೆಯಲ್ಲಿ ನಾವೂ ನಿಂತಿರುವಂತೆ ಭಾವಿಸಿ, ಪ್ರಭು ನಮಗೆ ಏನು ಹೇಳುತ್ತಿರುವರೆಂದು ಆಲಿಸೋಣ. ಬೇಡಿಕೆಗಳ ಪಟ್ಟಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಸುಮ್ಮನೆ ಕುಳಿತುಕೊಳ್ಳೋಣ. ಆ ದಿನ ಮಾಡಬೇಕಾದ ಒಂದೇ ಒಂದು ಒಳ್ಳೆಯ ಕೆಲಸವನ್ನು ನಿಶ್ಚಯಿಸಿ ಏಳೋಣ. ಮನೆಯಲ್ಲಿ ಎಡೆಯಿಲ್ಲದವರು ಬಲಿಪೂಜೆಗೆ ಸ್ವಲ್ಪ ಮುಂಚೆ ದೇವಾಲಯಕ್ಕೆ ಬಂದರೆ ಪರಮಪ್ರಸಾದದ ಸನ್ನಿಧಿಯೇ ಅವರ ಕೋಣೆಯಾಗುತ್ತದೆ.

ನೂರು ವರ್ಷಗಳ ಹಿಂದೆ ಈ ದೇವಾಲಯದ ಕಲ್ಲುಗಳನ್ನು ಜೋಡಿಸಿದವರು ಅದನ್ನು ಮೊದಲು ಬಯಸಿದ್ದು ತಮ್ಮ ಪ್ರಾರ್ಥನೆಯಲ್ಲಿ. ಮುಂದಿನ ನೂರು ವರ್ಷಗಳ ತಳಹದಿಯೂ ಅಲ್ಲಿಯೇ ಬೀಳಬೇಕು. ಸಂತ ಜೋಸೆಫ್ ವಾಜ್ ಅವರು ನಮಗಾಗಿ ದೇವರಲ್ಲಿ ಬೇಡಿಕೊಳ್ಳಲಿ, ನಮ್ಮ ಧರ್ಮಕೇಂದ್ರವು ಪ್ರಾರ್ಥಿಸುವ ಕುಟುಂಬವಾಗಿ ಬೆಳೆಯಲಿ.