ಲಕ್ಷ್ಮೀಬಾಯಿ ತಿಲಕ್: ಗಂಡನ ಹಿಂದೆ ಹೋದವರಲ್ಲ, ತಾವೇ ದಾರಿ ಕಂಡುಕೊಂಡ ನಾಸಿಕ್‌ನ ಗೃಹಿಣಿ

ನಾಸಿಕ್ ಬಳಿಯ ಓಝರ್ ಹೆಸರು ಕೇಳಿದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಎಚ್‌ಎಎಲ್‌ನ ಯುದ್ಧವಿಮಾನ ಕಾರ್ಖಾನೆ. ಬೆಂಗಳೂರಿನಿಂದ ಎಷ್ಟೋ ಕುಟುಂಬಗಳು ಅಲ್ಲಿಗೆ ಕೆಲಸಕ್ಕೆಂದು ಹೋಗಿವೆ. ಅದೇ ನಾಸಿಕ್ ಸೀಮೆಯಲ್ಲಿ, ಗೋದಾವರಿ ದಡದ ಜಲಾಲ್‌ಪುರ ಎಂಬ ಪುಟ್ಟ ಹಳ್ಳಿಯಿದೆ. ಮರಾಠಿಯ ಅತ್ಯಂತ ಪ್ರೀತಿಯ ಆತ್ಮಕಥೆಗಳಲ್ಲಿ ಒಂದನ್ನು ಬರೆದ ಹೆಣ್ಣುಮಗಳು ಹುಟ್ಟಿದ್ದು ಅಲ್ಲಿ. ಅವರೇ ಲಕ್ಷ್ಮೀಬಾಯಿ ತಿಲಕ್.

ಶಾಲೆಯ ಮೆಟ್ಟಿಲು ಹತ್ತದ ಆಕೆ ದೊಡ್ಡ ಲೇಖಕಿಯಾದದ್ದು ಕಥೆಯ ಒಂದು ಭಾಗ. ಕಟ್ಟಾ ಮಡಿವಂತ ಬ್ರಾಹ್ಮಣ ಮನೆಯಲ್ಲಿ ಬೆಳೆದವರು, ಗಂಡ ಕ್ರೈಸ್ತನಾದ ಮೇಲೆ ಐದು ವರ್ಷ ಒಳಗೊಳಗೇ ಹೋರಾಡಿ, ಕೊನೆಗೆ ತಮ್ಮದೇ ನಿರ್ಧಾರದಿಂದ ಆ ನಂಬಿಕೆಗೆ ಬಂದರು. ಬಂದ ಮೇಲೆ ಅದನ್ನು ಅಡುಗೆಮನೆಯಲ್ಲೂ ಅಂಗಳದಲ್ಲೂ ಬದುಕಿ ತೋರಿಸಿದರು. ಅದು ಕಥೆಯ ಇನ್ನೊಂದು ಭಾಗ.

ಎಲ್ಲವನ್ನೂ ತೊಳೆಯುವ ಮನೆ

ಲಕ್ಷ್ಮೀಬಾಯಿ ಹುಟ್ಟಿದ್ದು 1868ರಲ್ಲಿ, ಗೋಖಲೆ ಮನೆತನದಲ್ಲಿ. 1857ರ ದಂಗೆಯ ನಂತರ ನಡೆದ ಧರಪಕಡ್‌ನಲ್ಲಿ ಅವರ ತಾಯಿಯ ತಂದೆಗೆ ಗಲ್ಲು ಶಿಕ್ಷೆಯಾಗಿತ್ತು. ಆ ಆಘಾತದ ಬಳಿಕ ಲಕ್ಷ್ಮೀಬಾಯಿಯವರ ತಂದೆಗೆ ಮಡಿ ಎನ್ನುವುದು ಒಂದು ಗೀಳಾಗಿಬಿಟ್ಟಿತು. ಪೇಟೆಯಿಂದ ತಂದ ಪದಾರ್ಥ ತೊಳೆಯದೆ ಒಳಗೆ ಬರುವಂತಿರಲಿಲ್ಲ. ಯಾರು ಏನನ್ನು ಮುಟ್ಟಿದರು, ಯಾರ ನೆರಳು ಎಲ್ಲಿ ಬಿತ್ತು ಎಂಬ ಲೆಕ್ಕಾಚಾರದಲ್ಲೇ ಮನೆಯ ಹೆಂಗಸರ ಹಗಲು ಕಳೆಯುತ್ತಿತ್ತು.

ಈ ಬಾಲ್ಯವನ್ನು ಅವರು ಮುಂದೆ ನಗುನಗುತ್ತಲೇ ಬರೆದರು. ಆದರೆ ಆ ನಗುವಿನ ಹಿಂದೆ ದಣಿದ ತಾಯಿ, ಹೆದರಿದ ಮಕ್ಕಳು ಇದ್ದರು. ಮುಟ್ಟಬಾರದು, ಸೋಕಬಾರದು ಎಂಬ ಪಾಠ ಆ ಹುಡುಗಿಯ ಮೈಗೆ ಎಷ್ಟು ಆಳವಾಗಿ ಇಳಿದಿತ್ತೆಂದರೆ, ಅದರಿಂದ ಹೊರಬರಲು ಅರ್ಧ ಆಯುಷ್ಯವೇ ಬೇಕಾಯಿತು.

ಹನ್ನೊಂದರ ಹುಡುಗಿ, ಅಲೆಮಾರಿ ಗಂಡ

ಹನ್ನೊಂದನೇ ವಯಸ್ಸಿಗೆ ಮದುವೆ ಆಯಿತು. ವರ ನಾರಾಯಣ ವಾಮನ ತಿಲಕ್. ಇವರು ಲೋಕಮಾನ್ಯ ತಿಲಕರಲ್ಲ. ರತ್ನಾಗಿರಿ ಕಡೆಯವರು, 1861ರಲ್ಲಿ ಹುಟ್ಟಿದವರು. ಸಂಸ್ಕೃತ ಬಲ್ಲವರು, ಕವಿ. ಮುಂದೆ ಮರಾಠಿಯಲ್ಲಿ ಹೂವು ಮತ್ತು ಮಕ್ಕಳ ಕವಿ ಎಂದೇ ಹೆಸರಾದರು.

ಕವಿತೆಯಲ್ಲಿ ಎಷ್ಟು ಮೃದುವೋ ಸಂಸಾರದಲ್ಲಿ ಅಷ್ಟೇ ಬೇಜವಾಬ್ದಾರಿ. ಒಂದು ಊರಲ್ಲಿ ನಿಲ್ಲುತ್ತಿರಲಿಲ್ಲ, ಒಂದು ಕೆಲಸದಲ್ಲಿ ಉಳಿಯುತ್ತಿರಲಿಲ್ಲ. ಕೈಗೆ ಬಂದ ದುಡ್ಡು ಕೇಳಿದವರ ಕೈ ಸೇರುತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲೇ. ಹೇಳದೆ ಕೇಳದೆ ಮನೆ ಬಿಟ್ಟು ಹೋಗುವುದೂ ಇತ್ತು. ಅಂಥ ಹೊತ್ತಲ್ಲೆಲ್ಲ ಲಕ್ಷ್ಮೀಬಾಯಿಗೆ ಆಸರೆಯಾದವರು ಅಕ್ಕ ಭಿಕುತಾಯಿ. ಹೆತ್ತ ಮಕ್ಕಳು ತೀರಿಕೊಂಡ ನೋವನ್ನೂ ಆಕೆ ಈ ವರ್ಷಗಳಲ್ಲೇ ಉಂಡರು. ಉಳಿದವನು 1891ರಲ್ಲಿ ಹುಟ್ಟಿದ ಮಗ ದೇವದತ್ತ, ಮನೆಯವರ ಬಾಯಲ್ಲಿ ದತ್ತು.

ಅಕ್ಷರ ಕಲಿತದ್ದು ಗಂಡನಿಂದಲೇ, ಅದೂ ಅಷ್ಟಿಷ್ಟು. ಆ ಅಷ್ಟಿಷ್ಟೇ ಮುಂದೆ ದೊಡ್ಡ ಕೆಲಸಕ್ಕೆ ಬಂತು.

ರೈಲಿನಲ್ಲಿ ಸಿಕ್ಕ ಪುಸ್ತಕ

1893ರಲ್ಲಿ ನಾಗಪುರದಿಂದ ರಾಜನಾಂದಗಾಂವ್ ಕಡೆಗೆ ಹೊರಟಿದ್ದ ತಿಲಕರಿಗೆ ರೈಲಿನಲ್ಲಿ ಒಬ್ಬ ಯುರೋಪಿಯನ್ ಸಹಪ್ರಯಾಣಿಕ ಸಿಕ್ಕರು. ಇಬ್ಬರೂ ಸಂಸ್ಕೃತ ಕಾವ್ಯದ ಬಗ್ಗೆ ಮಾತಾಡಿದರು. ಇಳಿಯುವ ಮುನ್ನ ಆತ ಬೈಬಲ್‌ನ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೊಟ್ಟು ಹೋದರು. ತಿಲಕರು ಓದಿದರು. ಜಾತಿಯ ಕಟ್ಟುಪಾಡಿನ ಬಗ್ಗೆ ಮೊದಲೇ ಬೇಸರಗೊಂಡಿದ್ದ ಮನಸ್ಸು ಅತ್ತ ತಿರುಗಿತು. 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು.

ಹೆಂಡತಿಗೆ ಇದು ಸಿಡಿಲು ಬಡಿದ ಹಾಗಾಯಿತು. ಆಗ ಆಕೆಗೆ 26 ವರ್ಷ, ಮಗ ಇನ್ನೂ ಪುಟ್ಟವನು. ಗಂಡ ಬದುಕಿದ್ದಾನೆ, ಆದರೆ ಜೊತೆಗೆ ಇರುವಂತಿಲ್ಲ. ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ ಎಂಬ ಸ್ಥಿತಿ. ನಾಸಿಕ್, ಪಂಢರಪುರ ಎಂದು ಬಂಧುಗಳ ಆಶ್ರಯದಲ್ಲಿ ದಿನ ಕಳೆದರು. ಗಂಡನನ್ನು ಮರೆತುಬಿಡು ಎಂದವರಿದ್ದರು. ಮರೆಯಲು ಆಕೆಗೆ ಮನಸ್ಸಿರಲಿಲ್ಲ. ಹಾಗೆಂದು ಧರ್ಮ ಬಿಡಲೂ ಮನಸ್ಸಿರಲಿಲ್ಲ.

ಒಂದೇ ಅಂಗಳ, ಎರಡು ಒಲೆ

ಕೊನೆಗೆ ಲಕ್ಷ್ಮೀಬಾಯಿ ಒಂದು ಮಧ್ಯದ ದಾರಿ ಹಿಡಿದರು. ತಿಲಕರು ಆಗ ಅಹ್ಮದ್‌ನಗರದಲ್ಲಿ, ಅಂದರೆ ಇಂದಿನ ಅಹಿಲ್ಯಾನಗರದಲ್ಲಿ, ಅಮೆರಿಕನ್ ಮರಾಠಿ ಮಿಷನ್ ಜೊತೆ ಕೆಲಸ ಮಾಡುತ್ತಿದ್ದರು. ಆಕೆ ಅಲ್ಲಿಗೆ ಹೋದರು, ಆದರೆ ಮಡಿ ಬಿಡಲಿಲ್ಲ. ಒಲೆ ಬೇರೆ, ನೀರು ಬೇರೆ, ಪಾತ್ರೆ ಬೇರೆ. ಗಂಡನೂ ಹಟ ಮಾಡಲಿಲ್ಲ. ಸಿಡುಕಿನ ಮನುಷ್ಯ ಈ ಒಂದು ವಿಷಯದಲ್ಲಿ ಮಾತ್ರ ಹೆಂಡತಿಯನ್ನು ಅವಳ ಪಾಡಿಗೆ ಬಿಟ್ಟರು.

ಬದಲಾವಣೆ ಬಂದದ್ದು ಅದೇ ಜಿಲ್ಲೆಯ ರಾಹುರಿಯಲ್ಲಿ. ಸುತ್ತ ಇದ್ದವರು ಬೇರೆ ಬೇರೆ ಜಾತಿಯಿಂದ ಬಂದ ಕ್ರೈಸ್ತರು, ಹೆಚ್ಚಿನವರು ದಲಿತರು. ಕಷ್ಟಕ್ಕೆ ಓಡಿ ಬರುತ್ತಿದ್ದವರು ಅವರೇ. ಅವರ ಕೈಯ ನೀರು ಮಾತ್ರ ಬೇಡ ಎನ್ನುವುದು ಲಕ್ಷ್ಮೀಬಾಯಿಗೆ ದಿನೇದಿನೇ ಚುಚ್ಚತೊಡಗಿತು. ಪ್ರಾಣಿ ಪಕ್ಷಿಗಳಲ್ಲಿ ಕಾಣುವಂಥ ಭೇದವನ್ನು ದೇವರು ಮನುಷ್ಯರಲ್ಲಿ ಮಾಡಿಲ್ಲವಲ್ಲ, ಹಾಗಾದರೆ ಜಾತಿ ಮಾಡಿದ್ದು ಮನುಷ್ಯರೇ ಇರಬೇಕು ಎಂದು ಒಂದು ದಿನ ಯೋಚಿಸಿದರು. ಅಂದಿನಿಂದ ಯಾರು ಕೊಟ್ಟರೂ ಉಣ್ಣುವುದು, ಕುಡಿಯುವುದು ಎಂದು ತೀರ್ಮಾನಿಸಿದರು.

ಆಕೆ ಮೊದಲು ಬಿಟ್ಟದ್ದು ಜಾತಿಯನ್ನು. ಕ್ರಿಸ್ತನ ಮೇಲಿನ ನಂಬಿಕೆ ಆಮೇಲೆ ಬಂತು. 1900ರಲ್ಲಿ ರಾಹುರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಆಕೆಯನ್ನು ಯಾರೂ ಎಳೆದು ತಂದಿರಲಿಲ್ಲ.

ಇಲ್ಲಿ ಕನ್ನಡ ನಾಡಿನ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ನೆನಪಾಗುತ್ತದೆ. ಶಾಸ್ತ್ರ ಓದಿದ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಅವರದು ವಿದ್ವಾಂಸೆಯ ಹಾದಿ. ಲಕ್ಷ್ಮೀಬಾಯಿಯವರದು ಒಲೆ, ಕೊಡ, ತಟ್ಟೆಗಳ ನಡುವೆ ಸಿಕ್ಕ ಹಾದಿ.

ತುಂಬಿದ ಮನೆ, ಖಾಲಿ ಡಬ್ಬಿ

1899-1900ರ ಭೀಕರ ಬರದಲ್ಲಿ ಆ ಸೀಮೆಯ ಅನೇಕ ಮಕ್ಕಳು ಅನಾಥರಾದರು. ತಿಲಕರ ಮನೆ ಆಗಲೂ ಆಮೇಲೂ ಖಾಲಿ ಇದ್ದದ್ದೇ ಕಡಿಮೆ. ತಾರಾ ಎಂಬ ಹುಡುಗಿ ಸಾಕುಮಗಳಾಗಿ ಬೆಳೆದಳು. ಮುಂದೆ ಬಾಲಕವಿ ಎಂದು ಪ್ರಸಿದ್ಧರಾದ ತ್ರ್ಯಂಬಕ ಬಾಪೂಜಿ ಠೋಂಬರೆ ಕೂಡ ಹುಡುಗನಾಗಿದ್ದಾಗ ಇವರ ಮನೆಯಲ್ಲಿದ್ದರು. ಲಕ್ಷ್ಮೀಬಾಯಿ ಆತನಿಗೂ ತಾಯಿಯಾದರು.

ದಾನ ಮಾಡುವ ಉತ್ಸಾಹ ಗಂಡನದು. ಆ ದಾನ ಮುಗಿದ ಮೇಲೆ ಉಳಿದ ಹಿಟ್ಟಿನಲ್ಲಿ ಎಲ್ಲರಿಗೂ ರೊಟ್ಟಿ ತಟ್ಟುವ ಹೊಣೆ ಹೆಂಡತಿಯದು. ಆಕೆ ಜಗಳವಾಡುತ್ತಿದ್ದರು, ಗೊಣಗುತ್ತಿದ್ದರು, ಮತ್ತೆ ಒಲೆ ಹಚ್ಚುತ್ತಿದ್ದರು. ತಮ್ಮನ್ನು ಸಂತೆಯೆಂದು ಅವರು ಎಂದೂ ಚಿತ್ರಿಸಿಕೊಳ್ಳಲಿಲ್ಲ. ಗಂಡನನ್ನೂ ದೇವರಾಗಿಸಲಿಲ್ಲ, ರಾಕ್ಷಸನಾಗಿಸಲೂ ಇಲ್ಲ.

ಗಂಡ ಬಿಟ್ಟದ್ದನ್ನು ಮುಗಿಸಿದರು

1919ರ ಮೇ 9ರಂದು ತಿಲಕರು ಮುಂಬಯಿಯಲ್ಲಿ ನಿಧನರಾದರು. ಕ್ರಿಸ್ತನ ಜೀವನವನ್ನು ಹೇಳುವ ಕ್ರಿಸ್ತಾಯನ ಎಂಬ ಮಹಾಕಾವ್ಯ ಅವರು ಹಿಡಿದ ಕೆಲಸ. ಬರೆದದ್ದು ಸುಮಾರು ಹತ್ತು ಅಧ್ಯಾಯ ಮಾತ್ರ. ಉಳಿದ ಅರವತ್ತಕ್ಕೂ ಹೆಚ್ಚು ಅಧ್ಯಾಯಗಳನ್ನು ಲಕ್ಷ್ಮೀಬಾಯಿ ಬರೆದು ಮುಗಿಸಿದರು.

ವೈಧವ್ಯದ ವರ್ಷಗಳಲ್ಲಿ ಮುಂಬಯಿಯ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಮೇಟ್ರನ್ ಆಗಿ ದುಡಿದರು. ಮಗನ ಸಂಸಾರದೊಂದಿಗೆ ಕರಾಚಿಯಲ್ಲೂ ಕೆಲಕಾಲ ಇದ್ದರು. ತಂದೆಯ ಬಗ್ಗೆ ನೆನಪಿದ್ದದ್ದನ್ನೆಲ್ಲ ಬರೆದುಕೊಡು ಎಂದು ಮಗ ಕೇಳಿದ್ದರಿಂದ ಶುರುವಾದ ಬರಹ, ಬರೆಯುತ್ತಾ ಆಕೆಯದೇ ಕಥೆಯಾಯಿತು. ಅದೇ ಸ್ಮೃತಿಚಿತ್ರೆ. ಮೊದಲ ಭಾಗ 1934ರಲ್ಲಿ ಪುಸ್ತಕವಾಗಿ ಬಂತು. ಮನೆಯ ಜಗುಲಿಯಲ್ಲಿ ಕೂತು ಮಾತಾಡಿದಂಥ ಅದರ ಮರಾಠಿ ಓದುಗರನ್ನು ಹಿಡಿದಿಟ್ಟಿತು. ಮರಳಿ ನಾಸಿಕ್‌ಗೆ ಬಂದಿದ್ದ ಲಕ್ಷ್ಮೀಬಾಯಿ 1936ರ ಫೆಬ್ರವರಿ 24ರಂದು ಕೊನೆಯುಸಿರೆಳೆದರು.

ವಿಜಯಾ ಮೆಹ್ತಾ 1980ರ ದಶಕದಲ್ಲಿ ಈ ಕೃತಿಯನ್ನು ಟೆಲಿಚಿತ್ರವಾಗಿಸಿದರು. 2017ರಲ್ಲಿ ಶಾಂತಾ ಗೋಖಲೆ ಅವರ ಇಂಗ್ಲಿಷ್ ಅನುವಾದ ಹೊಸ ಓದುಗರನ್ನು ತಲುಪಿತು.

ಇದನ್ನು ಮತಾಂತರದ ಕಥೆ ಎಂದಷ್ಟೇ ನೋಡಿದರೆ ಅರ್ಧ ಮಾತ್ರ ಕಂಡಂತೆ. ಯಾರ ಕೈಯ ನೀರು ಕುಡಿಯಬೇಕು ಎಂಬ ಪ್ರಶ್ನೆಗೆ ಒಬ್ಬ ಹೆಣ್ಣುಮಗಳು ಅಪ್ಪನ ಮಾತನ್ನೂ ಗಂಡನ ಮಾತನ್ನೂ ಬದಿಗಿಟ್ಟು, ತನ್ನ ಬುದ್ಧಿಯಿಂದಲೇ ಉತ್ತರ ಹುಡುಕಿದ ಕಥೆ ಇದು. ಉಪ್ಪುಸಕ್ಕರೆಗೂ ಮೈಲಿಗೆ ಹುಡುಕುವ ಮನೆಯಲ್ಲಿ ಬೆಳೆದ ಆ ಹುಡುಗಿ, ಕೊನೆಗೆ ಯಾರು ಬಂದರೂ ತಟ್ಟೆ ಹಾಕುವ ಮನೆ ಕಟ್ಟಿದಳು.