ಹಾಲು ಬಿಟ್ಟ ಗಾಂಧೀಜಿ ಮತ್ತೆ ಹಾಲು ಕುಡಿದದ್ದೇಕೆ?

ಮಕ್ಕಳೇ, ಗಾಂಧೀಜಿಯವರ ಉಪ್ಪಿನ ಸತ್ಯಾಗ್ರಹದ ಪಾಠವನ್ನು ನೀವು ಓದಿದ್ದೀರಿ. ಅವರು ಬದುಕಿನುದ್ದಕ್ಕೂ ಊಟದ ಮೇಲೆ ಪ್ರಯೋಗಗಳನ್ನು ಮಾಡುತ್ತಿದ್ದರು ಎಂಬುದು ನಿಮಗೆ ಗೊತ್ತೇ? ಆ ಪ್ರಯೋಗಗಳಿಗೆ ಅವರ ದೇಹವೇ ಪ್ರಯೋಗಶಾಲೆ. ಕೆಲವು ಪ್ರಯೋಗಗಳು ಸೋತವು. ಒಂದಂತೂ ಅವರನ್ನು ಸಾವಿನ ಬಾಗಿಲವರೆಗೆ ಒಯ್ದಿತು.

ಮೋಹನದಾಸ ಗಾಂಧಿ 1869ರ ಅಕ್ಟೋಬರ್ 2ರಂದು ಗುಜರಾತಿನ ಪೋರಬಂದರಿನಲ್ಲಿ ಹುಟ್ಟಿದರು. 1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೊರಟಾಗ ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟರು. ಅಲ್ಲಿ ಮೊದಲ ಕೆಲವು ವಾರ ಅರೆಹೊಟ್ಟೆಯಲ್ಲೇ ದಿನ ದೂಡಿದರು. ಕೊನೆಗೆ ಒಂದು ಸಸ್ಯಾಹಾರಿ ಹೋಟೆಲು ಸಿಕ್ಕಿತು. ಆಹಾರದ ಬಗೆಗಿನ ಪುಸ್ತಕಗಳನ್ನು ಓದುವ ಹವ್ಯಾಸ ಅವರಿಗೆ ಅಂಟಿದ್ದು ಲಂಡನ್ನಿನಲ್ಲೇ. ಮೊದಲು ಮಸಾಲೆ ಬಿಟ್ಟರು. ಮುಂದೆ ಒಂದೊಂದೇ ಪದಾರ್ಥ ಅವರ ತಟ್ಟೆಯಿಂದ ಇಳಿಯತೊಡಗಿತು.

1912ರಲ್ಲಿ ಅವರು ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿದ್ದರು. ಹಸು ಎಮ್ಮೆಗಳನ್ನು ಹಿಂಸಿಸಿ ಹಾಲು ಹಿಂಡುತ್ತಾರೆಂದು ತಿಳಿದು ಅವರಿಗೆ ನೋವಾಯಿತು. ಆಗ ಹಾಲನ್ನೇ ಬಿಟ್ಟರು. ಸ್ವಲ್ಪ ದಿನಗಳಲ್ಲಿ ಬೇಯಿಸಿದ ಕಾಳು, ಧಾನ್ಯಗಳೂ ಹೋದವು. ಉಳಿದದ್ದು ಶೇಂಗಾ, ಬಾಳೆಹಣ್ಣು, ಖರ್ಜೂರ, ನಿಂಬೆಹಣ್ಣು ಮತ್ತು ಆಲಿವ್ ಎಣ್ಣೆ.

ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯ ಕಡೆಯ ಮಕ್ಕಳಿಗೆ ಶೇಂಗಾ ಹೊಸದಲ್ಲ. ಅದರಲ್ಲಿ ಪ್ರೋಟೀನು ಇದೆ, ಎಣ್ಣೆಯ ಅಂಶವೂ ಇದೆ. ಒಳ್ಳೆಯ ಆಹಾರವೇ. ಆದರೆ ನಮ್ಮಲ್ಲಿ ಶೇಂಗಾ ಚಟ್ನಿಯ ಜೊತೆ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಮೊಸರು ಇರುತ್ತವೆ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತದೆ.

ಇನ್ನು 1918ರ ಕಥೆಗೆ ಬರೋಣ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಗಾಂಧೀಜಿ ಊರೂರು ಸುತ್ತುತ್ತಿದ್ದರು. ನಡಿಗೆ ವಿಪರೀತ, ಊಟ ಅತ್ಯಲ್ಪ. ಅರೆದ ಶೇಂಗಾ ಮತ್ತು ನಿಂಬೆಹಣ್ಣೇ ಮುಖ್ಯ ಆಹಾರ. ಹೊಟ್ಟೆ ಆಗಲೇ ಕೆಟ್ಟಿತ್ತು. ಒಂದು ಹಬ್ಬದ ದಿನ ಏನೂ ತಿನ್ನಬಾರದೆಂದು ನಿಶ್ಚಯಿಸಿದ್ದರು. ಆದರೆ ಕಸ್ತೂರಬಾ ಸಿಹಿಯಾದ ಗೋಧಿ ಗಂಜಿ ಮತ್ತು ಹೆಸರುಕಾಳು ಮಾಡಿಟ್ಟಿದ್ದರು. ಅದನ್ನು ಕಂಡು ಗಾಂಧೀಜಿ ಹೊಟ್ಟೆತುಂಬ ಉಂಡುಬಿಟ್ಟರು! ಒಂದು ಗಂಟೆಯೊಳಗೆ ಆಮಶಂಕೆ ಜೋರಾಯಿತು. ಔಷಧಿಯೂ ಬೇಡವೆಂದರು. ತಾವು ಬದುಕುವುದಿಲ್ಲವೆಂದೇ ಅವರಿಗೆ ಅನ್ನಿಸಿತು.

ಆಮಶಂಕೆ ಸಾಮಾನ್ಯವಾಗಿ ರೋಗಾಣುಗಳಿಂದ ಬರುವ ಕಾಯಿಲೆ. ಹಾಲು ಬಿಟ್ಟದ್ದರಿಂದಲೇ ಅದು ಬಂತು ಎನ್ನುವಂತಿಲ್ಲ. ಆದರೆ ಸೊರಗಿದ ದೇಹ ಚೇತರಿಸಿಕೊಳ್ಳಲು ಬಹಳ ಕಷ್ಟಪಡುತ್ತದೆ. ಗಾಂಧೀಜಿಯವರಿಗೆ ತಿಂಗಳುಗಳೇ ಹಿಡಿದವು.

ಅಷ್ಟು ಗಟ್ಟಿ ಮನಸ್ಸಿನ ಗಾಂಧೀಜಿ ಅಂದು ಹೊಟ್ಟೆತುಂಬ ಉಂಡದ್ದೇಕೆ? ಊಟ ತೀರ ಕಡಿಮೆಯಾದಾಗ ದೇಹ ಅದನ್ನು ಬರಗಾಲವೆಂದೇ ತಿಳಿಯುತ್ತದೆ. ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾಗುತ್ತದೆ. ಆಮೇಲೆ ಕೊಬ್ಬು ಕರಗುತ್ತದೆ, ಜೊತೆಗೆ ಮಾಂಸಖಂಡವೂ ಕರಗುತ್ತದೆ. ದೇಹ ಶಕ್ತಿಯ ಖರ್ಚನ್ನು ಕಡಿಮೆ ಮಾಡುತ್ತದೆ. ಆಗ ಚಳಿ, ಸುಸ್ತು, ಸಿಡುಕು ಶುರುವಾಗುತ್ತವೆ. ಪಾಠ ತಲೆಗೆ ಹತ್ತುವುದಿಲ್ಲ. ಹಸಿವನ್ನು ತಿಳಿಸುವ ರಾಸಾಯನಿಕಗಳು ರಕ್ತದಲ್ಲಿ ಹೆಚ್ಚುತ್ತವೆ, ಮನಸ್ಸು ದಿನವಿಡೀ ತಿಂಡಿಯ ಸುತ್ತಲೇ ಸುತ್ತುತ್ತದೆ. ಊಟ ಎದುರಿಗೆ ಬಂದಾಗ ಕೈ ನಿಲ್ಲುವುದಿಲ್ಲ. ತೆಳ್ಳಗಾಗಲು ಉಪವಾಸ ಬಿದ್ದವರಲ್ಲಿ ಬಹಳ ಜನರ ತೂಕ ಮತ್ತೆ ಏರುವುದಕ್ಕೆ ಇದೂ ಒಂದು ಕಾರಣ. ಪಾಪ, ಅವರನ್ನು ಬಾಯಿಚಪಲದವರೆಂದು ನಗುವುದು ಸರಿಯಲ್ಲ. ನಿಮ್ಮ ವಯಸ್ಸಿನಲ್ಲಿ ಎಲುಬು, ಸ್ನಾಯು, ಮೆದುಳು ಎಲ್ಲವೂ ಬೆಳೆಯುತ್ತಿರುತ್ತವೆ. ಆದ್ದರಿಂದ ಊಟ ಬಿಡುವುದರ ಪೆಟ್ಟು ಮಕ್ಕಳಿಗೆ ಇನ್ನೂ ಹೆಚ್ಚು.

ಮುಂಬೈಯಲ್ಲಿ ಡಾ. ದಲಾಲ್ ಎಂಬ ವೈದ್ಯರು ಗಾಂಧೀಜಿಯವರನ್ನು ಪರೀಕ್ಷಿಸಿದರು. ಹಾಲು ಕುಡಿಯದೆ ದೇಹ ತುಂಬಿಕೊಳ್ಳುವುದಿಲ್ಲ ಎಂದು ಅವರು ಹೇಳಿದರು. ಗಾಂಧೀಜಿ ತಮ್ಮ ವ್ರತವನ್ನು ನೆನಪಿಸಿದರು. ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ಕಸ್ತೂರಬಾ ಆಡಿನ ಹಾಲಿಗೆ ಅಡ್ಡಿ ಏನೆಂದು ಕೇಳಿದರು. ವ್ರತ ತೊಟ್ಟಾಗ ಗಾಂಧೀಜಿಯವರ ಮನಸ್ಸಿನಲ್ಲಿ ಇದ್ದದ್ದು ಹಸು, ಎಮ್ಮೆಗಳು ಮಾತ್ರ. ಅವರು ಒಪ್ಪಿದರು. ಮನಸ್ಸಿಗೆ ಅಳುಕು ಉಳಿಯಿತು, ಆದರೆ ದೇಹ ಚೇತರಿಸಿಕೊಂಡಿತು. ಆ ಕಾಲದ ದೊಡ್ಡ ವೈದ್ಯರಷ್ಟೇ ಉಪಯುಕ್ತ ಸಲಹೆ ಕೊಟ್ಟವರು ಕಸ್ತೂರಬಾ ಎನ್ನಬೇಕು.

1927ರಲ್ಲಿ ದೇಶ ಸುತ್ತಿ ದಣಿದ ಗಾಂಧೀಜಿಯವರ ರಕ್ತದೊತ್ತಡ ಏರಿತು. ವಿಶ್ರಾಂತಿಗೆಂದು ನಮ್ಮ ನಂದಿಬೆಟ್ಟಕ್ಕೆ ಬಂದರು, ಅಲ್ಲಿಂದ ಬೆಂಗಳೂರಿಗೆ. ಆಗ ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ದನ ಸಾಕಣೆಯ ಪಾಠ ಹೇಳಿಸಿಕೊಂಡರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು. ಹಾಲು ಬಿಟ್ಟವರು ಹಾಲಿನ ಶಾಲೆಗೆ ಸೇರಿದ್ದು ತಮಾಷೆಯಲ್ಲವೇ?

ಆದರೂ ಪ್ರಯೋಗದ ಹಂಬಲ ಬಿಡಲಿಲ್ಲ. 1929ರಲ್ಲಿ ಏನನ್ನೂ ಬೇಯಿಸದೆ ಮೊಳಕೆ ಕಾಳು, ಹಸಿ ತರಕಾರಿ ತಿನ್ನತೊಡಗಿದರು. ಆಶ್ರಮದ ಹಲವರು ಜೊತೆಗೂಡಿದರು. ಗಾಂಧೀಜಿಯವರಿಗೆ ಮತ್ತೆ ಹೊಟ್ಟೆ ಕೆಟ್ಟಿತು. ಆಗಸ್ಟ್ ತಿಂಗಳಲ್ಲಿ ಪ್ರಯೋಗ ನಿಲ್ಲಿಸಿ ಬೇಯಿಸಿದ ತರಕಾರಿ ಮತ್ತು ಆಡಿನ ಹಾಲಿಗೆ ಮರಳಿದರು. ಈ ಸೋಲನ್ನು ಅವರು ಮುಚ್ಚಿಡಲಿಲ್ಲ. ತಮ್ಮ ಪತ್ರಿಕೆಯಲ್ಲೇ ಬರೆದರು. 1942ರಲ್ಲಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಪುಸ್ತಕ ಬರೆಯತೊಡಗಿದರು. ಮಾಂಸ ತಿನ್ನದವರಿಗೆ ಹಾಲು ಬೇಕೇ ಬೇಕೆಂದು ತಮ್ಮ ಅನುಭವ ಕಲಿಸಿತೆಂದು ಅದರಲ್ಲಿ ಒಪ್ಪಿಕೊಂಡರು.

ಹಾಲಿನಲ್ಲಿ ಅಂಥದ್ದೇನಿದೆ? ಪ್ರೋಟೀನು ಮತ್ತು ಕ್ಯಾಲ್ಸಿಯಂ ಇದೆ, ಜೊತೆಗೆ ಬಿ-12 ಎಂಬ ವಿಟಮಿನ್ ಇದೆ. ರಕ್ತಕಣಗಳಿಗೂ ನರಗಳಿಗೂ ಅದು ಬೇಕು. ಅದನ್ನು ತಯಾರಿಸುವುದು ಕೆಲವು ಸೂಕ್ಷ್ಮಜೀವಿಗಳು ಮಾತ್ರ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಅದು ಸಿಗುತ್ತದೆ. ಶೇಂಗಾದಲ್ಲಾಗಲಿ ಬಾಳೆಹಣ್ಣಿನಲ್ಲಾಗಲಿ ಇಲ್ಲ. ನಿಮ್ಮ ಶಾಲೆಯಲ್ಲಿ ಕ್ಷೀರಭಾಗ್ಯ ಯೋಜನೆಯಡಿ ಕೊಡುವ ಹಾಲಿನಲ್ಲೂ ಇದೆ. ಗಾಂಧೀಜಿ ಹಾಲು ಬಿಟ್ಟ 1912ರಲ್ಲೇ ವಿಜ್ಞಾನಿ ಕ್ಯಾಸಿಮಿರ್ ಫಂಕ್ ವಿಟಮಿನ್‌ಗಳಿಗೆ ಹೆಸರಿಟ್ಟಿದ್ದರು. ಬಿ-12ನ್ನು ವಿಜ್ಞಾನಿಗಳು ಮೊದಲ ಬಾರಿಗೆ ಕೆಂಪು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದು 1948ರಲ್ಲಿ. ಗಾಂಧೀಜಿ ತೀರಿಕೊಂಡದ್ದೂ ಅದೇ ವರ್ಷ, ಜನವರಿ 30ರಂದು.